ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ವಿಮಾನಮಾರ್ಗ: ಅಂತರ ಮತ್ತು ಅವಧಿ

ದಖ್ಖನ್ ಪ್ರಸ್ಥಭೂಮಿಯ ಮೇಲಿರುವ ಬೆಂಗಳೂರಿನ ಕೆಂಪೇಗೌಡ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣಕ್ಕೂ ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯ ಸ್ಯಾನ್ ಫ್ರಾನ್ಸಿಸ್ಕೊ ನಿಲ್ದಾಣಕ್ಕೂ ನಡುವಣ ವಾಯುಮಾರ್ಗವು, ಭಾರತದಿಂದ ಹೊರಟು ಎಲ್ಲಿಯೂ ಇಳಿಯದೆ ಹಾರಿದ ಮಾರ್ಗಗಳಲ್ಲಿ ಅತಿದೀರ್ಘವಾದವುಗಳ ಪಂಕ್ತಿಗೆ ಸೇರಿದುದು. ಎರಡು ನಿಲ್ದಾಣಗಳ ನೇರ ಅಂತರ ಸುಮಾರು 14,000 ಕಿ.ಮೀ.; ಹಾರಾಟದ ಅವಧಿ ದಿಕ್ಕನ್ನೂ ಋತುವನ್ನೂ ಅನುಸರಿಸಿ ಸುಮಾರು 16ರಿಂದ 17½ ಗಂಟೆ. ಈ ಎರಡು ಸಂಖ್ಯೆಗಳನ್ನು ಹೇಳಿಬಿಟ್ಟರೆ ಟಿಕೆಟು ಕೊಳ್ಳಹೊರಟವನ ಪ್ರಶ್ನೆಗೆ ಉತ್ತರ ದೊರೆತಂತೆಯೇ ಸರಿ. ಆದರೆ ಮೊದಲನೆಯ ಸಂಖ್ಯೆ ಸೂಚಿಸುವ ರೇಖೆಯ ಮೇಲೆ ವಿಮಾನಗಳು ಹಾರುವುದಿಲ್ಲವೆಂಬುದನ್ನೂ, ಎರಡನೆಯ ಸಂಖ್ಯೆ ಮೊದಲನೆಯದನ್ನು ವೇಗದಿಂದ ಭಾಗಿಸಿದ ಮಾತ್ರಕ್ಕೆ ಹುಟ್ಟುವುದಲ್ಲವೆಂಬುದನ್ನೂ ತಿಳಿದವನಿಗೆ, ಭೂಮಿತಿ, ವಾಯುಶಾಸ್ತ್ರ, ಯಂತ್ರಶಕ್ತಿ, ರಾಜಕಾರಣ ಇವು ನಾಲ್ಕೂ ಕೂಡಿ ಒಂದು ದಾರಿಯನ್ನು ಹೇಗೆ ನಿರ್ಣಯಿಸುತ್ತವೆಂಬ ಕುತೂಹಲ ಸಹಜವಾಗಿಯೇ ಮೂಡುತ್ತದೆ.

ಕೆಂಪೇಗೌಡ ನಿಲ್ದಾಣವು ನಗರದ ಉತ್ತರಕ್ಕೆ, ಟಿಪ್ಪು ಸುಲ್ತಾನನ ಜನ್ಮಸ್ಥಳವಾದ ದೇವನಹಳ್ಳಿಯ ಬಳಿ, ಸಮುದ್ರಮಟ್ಟದಿಂದ ಸುಮಾರು 915 ಮೀಟರು ಎತ್ತರದಲ್ಲಿದೆ. ಅದು 2008ರ ಮೇ ತಿಂಗಳಲ್ಲಿ ಕಾರ್ಯಾರಂಭ ಮಾಡಿತು. ಅಲ್ಲಿಯವರೆಗೆ ನಗರದ ವಿಮಾನಸಂಚಾರವೆಲ್ಲ ಎಚ್.ಎ.ಎಲ್. ನಿಲ್ದಾಣದಿಂದ ನಡೆಯುತ್ತಿತ್ತು. ಸ್ಯಾನ್ ಫ್ರಾನ್ಸಿಸ್ಕೊ ನಿಲ್ದಾಣವಾದರೋ 1927ರಲ್ಲಿ ದನ ಮೇಯುವ ಹುಲ್ಲುಗಾವಲೊಂದರಲ್ಲಿ ಮಿಲ್ಸ್ ಫೀಲ್ಡ್ ಎಂಬ ಹೆಸರಿನಿಂದ ಹುಟ್ಟಿ, ನಗರದ ದಕ್ಷಿಣಕ್ಕೆ ಸುಮಾರು 20 ಕಿ.ಮೀ. ದೂರದಲ್ಲಿ ಕೊಲ್ಲಿಯ ನೀರಿನಂಚಿನಲ್ಲಿಯೇ ಬೆಳೆದುದು. ಅದರ ಎತ್ತರ ಸಮುದ್ರಮಟ್ಟಕ್ಕಿಂತ ಕೆಲವೇ ಮೀಟರು ಹೆಚ್ಚು. ಎರಡು ನಿಲ್ದಾಣಗಳ ಎತ್ತರದಲ್ಲಿರುವ ಈ ಭೇದ ಮೇಲುನೋಟಕ್ಕೆ ಕ್ಷುಲ್ಲಕವೆನಿಸಿದರೂ ವಿಮಾನ ಹೊರಬಹುದಾದ ಭಾರದ ಲೆಕ್ಕಕ್ಕೆ ಬರುವಾಗ ಅದರ ಮಹತ್ತ್ವ ಗೊತ್ತಾಗುತ್ತದೆ.

ಭೂಗೋಳದ ಮೇಲಣ ಎರಡು ಬಿಂದುಗಳ ನಡುವಣ ಅತ್ಯಲ್ಪ ಅಂತರವು, ಆ ಎರಡು ಬಿಂದುಗಳನ್ನೂ ಭೂಕೇಂದ್ರವನ್ನೂ ಒಳಗೊಂಡ ಸಮತಲವು ಗೋಳವನ್ನು ಛೇದಿಸುವಲ್ಲಿ ಉಂಟಾಗುವ ಮಹಾವೃತ್ತದ ಚಾಪವೆಂಬುದು ಗೋಳೀಯ ತ್ರಿಕೋಣಮಿತಿಯ ಪ್ರಾಥಮಿಕ ಸಿದ್ಧಾಂತ. ಬೆಂಗಳೂರಿನ ನಿಲ್ದಾಣ ಉತ್ತರ ಅಕ್ಷಾಂಶ 13 ಡಿಗ್ರಿ 12 ಮಿನಿಟು, ಪೂರ್ವ ರೇಖಾಂಶ 77 ಡಿಗ್ರಿ 42 ಮಿನಿಟುಗಳಲ್ಲಿಯೂ, ಸ್ಯಾನ್ ಫ್ರಾನ್ಸಿಸ್ಕೊ ನಿಲ್ದಾಣ ಉತ್ತರ ಅಕ್ಷಾಂಶ 37 ಡಿಗ್ರಿ 37 ಮಿನಿಟು, ಪಶ್ಚಿಮ ರೇಖಾಂಶ 122 ಡಿಗ್ರಿ 22 ಮಿನಿಟುಗಳಲ್ಲಿಯೂ ಇರುವುದರಿಂದ, ಇವುಗಳ ರೇಖಾಂಶಭೇದ ಪೂರ್ವದಿಕ್ಕಿನ ಕಡೆಯಿಂದ ಎಣಿಸಿದರೆ ಸುಮಾರು 160 ಡಿಗ್ರಿ. ಈ ಅಂಕಗಳಿಂದ ಭೂಕೇಂದ್ರದಲ್ಲಿ ಏರ್ಪಡುವ ಕೋನವನ್ನು ಗಣಿಸಿದರೆ 125.8 ಡಿಗ್ರಿಯಾಗುತ್ತದೆ, ಒಂದು ಡಿಗ್ರಿಗೆ ಸುಮಾರು 111.2 ಕಿ.ಮೀ.ನಂತೆ ಅದು 13,990 ಕಿ.ಮೀ. ಆಸುಪಾಸಿಗೆ ಬರುತ್ತದೆ. ಏರ್ ಇಂಡಿಯಾ ಸಂಸ್ಥೆ ಪ್ರಕಟಿಸಿದ ಅಂಕ 13,993. ಭೂಮಿ ಸಂಪೂರ್ಣ ಗೋಳವಲ್ಲ; ಅದರ ತ್ರಿಜ್ಯ ಸಮಭಾಜಕದಲ್ಲಿ ಸುಮಾರು 6,378 ಕಿ.ಮೀ., ಧ್ರುವಗಳಲ್ಲಿ 6,357 ಕಿ.ಮೀ.; ಇಂಥ ಚಪ್ಪಟೆಯಾದ ಗೋಳದ ಮೇಲೆ ಅತಿಸೂಕ್ಷ್ಮವಾಗಿ ಅಂತರ ಕಾಣುವ ಸೂತ್ರವನ್ನು ವಿನ್ಸೆಂಟಿ ಎಂಬ ಭೂಮಾಪನ ವಿಜ್ಞಾನಿ 1975ರಲ್ಲಿ ಪ್ರಕಟಿಸಿದನು. ಆದರೆ ಗಾಳಿಯ ಸಣ್ಣದೊಂದು ಹೊರಳಾಟವೇ ನೂರಾರು ಕಿಲೋಮೀಟರುಗಳ ವ್ಯತ್ಯಾಸ ತರುವ ಈ ವ್ಯವಹಾರದಲ್ಲಿ ಮಿಲಿಮೀಟರಿನ ನಿಷ್ಕರ್ಷೆಗೆ ಪಂಡಿತರ ಸಂತೋಷದ ಹೊರತು ಬೇರೆ ಪ್ರಯೋಜನವಿಲ್ಲ.

ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ಆಗಿರುವುದರಿಂದ ಯಾವ ಎರಡು ಸ್ಥಳಗಳೂ 20,000 ಕಿ.ಮೀ.ಗಿಂತ ಹೆಚ್ಚು ದೂರವಿರಲಾರವು. ಬೆಂಗಳೂರಿಗೆ ಸರಿಯಾಗಿ ವಿರುದ್ಧವಾದ ಬಿಂದು ಪೆರು ದೇಶದ ಪಶ್ಚಿಮಕ್ಕೆ ಪೆಸಿಫಿಕ್ ಸಾಗರದ ನಿರ್ಜನವಾದ ನೀರಿನಲ್ಲಿದೆ. ಅಲ್ಲಿಗೆ ಹೋಗಬೇಕಾದ ಪ್ರಸಂಗ ಯಾರಿಗೂ ಒದಗುವುದಿಲ್ಲ. ಆದಕಾರಣ ಪರಮಾವಧಿ ದೂರದ ಹತ್ತರಲ್ಲಿ ಏಳು ಪಾಲಿನಷ್ಟು ಇರುವ ಸ್ಯಾನ್ ಫ್ರಾನ್ಸಿಸ್ಕೊ, ಬೆಂಗಳೂರಿನವರಿಗೆ ನಿತ್ಯವ್ಯವಹಾರವುಳ್ಳ ಊರುಗಳ ಪೈಕಿ ಅತಿದೂರದವುಗಳಲ್ಲಿ ಒಂದು.

ಶಾಲೆಯ ಗೋಡೆಯ ಮೇಲೆ ತೂಗುವ ಭೂಪಟವನ್ನು ನಂಬಿದವನಿಗೆ ಈ ದಾರಿ ಪೂರ್ವಾಭಿಮುಖವಾಗಿ ತೋರುತ್ತದೆ. ಅಂಥ ಪಟದ ಮೇಲೆ ಪೆಸಿಫಿಕ್ಕನ್ನು ದಾಟುವಂತೆ ಅಳತೆಪಟ್ಟಿಯಿಟ್ಟು ಗೆರೆಯೆಳೆದರೆ, ದಿಕ್ಸೂಚಿಯ ಮುಳ್ಳನ್ನು ಒಂದೇ ಕೋನದಲ್ಲಿ ಹಿಡಿದು ಸಾಗುವ ಈ ಹಾದಿ ಸುಮಾರು 16,100 ಕಿ.ಮೀ.; ಮಹಾವೃತ್ತಕ್ಕಿಂತ 2,000 ಕಿ.ಮೀ.ಗೂ ಹೆಚ್ಚು. ಭೂಗೋಳದ ಮಾದರಿಯೊಂದನ್ನು ತೆಗೆದುಕೊಂಡು ಎರಡು ಊರುಗಳ ನಡುವೆ ದಾರವನ್ನು ಬಿಗಿಯಾಗಿ ಹಿಡಿದರೆ ಮಾತ್ರ ನಿಜಸ್ಥಿತಿ ಬಯಲಾಗುತ್ತದೆ: ದಾರವು ಬೆಂಗಳೂರಿನಿಂದ ನೇರ ಉತ್ತರಕ್ಕೆ ಕೇವಲ 20 ಡಿಗ್ರಿಯಷ್ಟು ಪೂರ್ವಕ್ಕೆ ವಾಲಿ ಹೊರಡುತ್ತದೆ. ಮಹಾರಾಷ್ಟ್ರ, ತೆಲಂಗಾಣ, ಛತ್ತೀಸಗಢಗಳ ಗಡಿಗಳು ಕೂಡುವ ಅರಣ್ಯಪ್ರದೇಶದ ಮೇಲೆ ಹಾದು, ಗೋರಖಪುರದ ಸಮೀಪದಲ್ಲಿ ಗಂಗೆಯ ಬಯಲನ್ನು ಬಿಟ್ಟು, ನೇಪಾಳದಲ್ಲಿ ಅನ್ನಪೂರ್ಣಾ ಪರ್ವತಶ್ರೇಣಿಯ ನೆತ್ತಿಯನ್ನು ಮುಟ್ಟಿ, ಟಿಬೆಟ್ಟನ್ನೂ ಲೋಪ್ ನೋರಿನ ಮರುಭೂಮಿಯನ್ನೂ ಮಂಗೋಲಿಯದ ಪಶ್ಚಿಮ ಭಾಗವನ್ನೂ ದಾಟಿ, ಬೈಕಾಲ್ ಸರೋವರವನ್ನು ಬಲಕ್ಕೆ ಬಿಟ್ಟು ಸೈಬೀರಿಯವನ್ನು ಓರೆಯಾಗಿ ಸೀಳಿಕೊಂಡು, ಕೊಲಿಮಾ ನದಿ ಕಡಲು ಸೇರುವಲ್ಲಿಂದ ಸ್ವಲ್ಪ ಉತ್ತರಕ್ಕೆ, 71 ಡಿಗ್ರಿ ಅಕ್ಷಾಂಶದಲ್ಲಿ ತನ್ನ ಪರಾಕಾಷ್ಠೆಯನ್ನು ಮುಟ್ಟುತ್ತದೆ. ಅಲ್ಲಿಂದ ಮುಂದೆ ಒಂದು ಡಿಗ್ರಿಯನ್ನೂ ಉತ್ತರಕ್ಕೆ ಏರದೆ ದಕ್ಷಿಣಕ್ಕೆ ಬಾಗುತ್ತ, ರ‍್ಯಾಂಗೆಲ್ ದ್ವೀಪದ ತೆಂಕಣ ಹಿಮಸಮುದ್ರದ ಮೇಲೆ ಸಾಗಿ, ಅಲಾಸ್ಕದಲ್ಲಿ ಉತ್ತರ ಅಮೆರಿಕದ ಅತ್ಯುನ್ನತ ಶಿಖರವಾದ ಡೆನಾಲಿಯ ಪಕ್ಕದಲ್ಲಿಯೇ ಇಳಿದು, ಅಲಾಸ್ಕ ಕೊಲ್ಲಿಯನ್ನು ದಾಟಿ, ಕರಾವಳಿಯ ಹೊರಗೆ ಹೊರಗೆ ಬಂದು ವಾಯವ್ಯದಿಂದ ಸ್ಯಾನ್ ಫ್ರಾನ್ಸಿಸ್ಕೊವನ್ನು ಸೇರುತ್ತದೆ. ಉಷ್ಣವಲಯದ ಎರಡು ಬೆಳೆ ತೆಗೆಯುವ ನಾಡಿನಿಂದ ಹೊರಟ ನೇರ ದಾರಿ ಹಿಮಸಾರಂಗಗಳ ನಾಡಿನ ಮೇಲೆ ಹಾದುಹೋಗಬೇಕೆಂಬುದು ಗೋಳದ ನಿಯಮ. ಇದರಲ್ಲಿ ಮನುಷ್ಯನ ಇಚ್ಛೆಗೆ ಎಡೆಯಿಲ್ಲ.

ಮನುಷ್ಯನ ಇಚ್ಛೆಗೂ ಯಂತ್ರದ ಇತಿಮಿತಿಗೂ ಎಡೆಯಿರುವುದು ಈ ರೇಖೆಯನ್ನು ಬಿಟ್ಟುಕೊಡುವುದರಲ್ಲಿ. ಹಿಮಾಲಯವನ್ನು ದಾಟಿದೊಡನೆ ಎದುರಾಗುವ ಟಿಬೆಟ್ಟಿನ ಪ್ರಸ್ಥಭೂಮಿಯ ಸರಾಸರಿ ಎತ್ತರ 4,500 ಮೀಟರನ್ನು ಮೀರಿದೆ. ಆಕಸ್ಮಿಕವಾಗಿ ವಿಮಾನದೊಳಗಣ ವಾಯುಭಾರ ಕುಸಿದರೆ ಪೈಲಟನು ಪ್ರಯಾಣಿಕರು ಸ್ವಾಭಾವಿಕವಾಗಿ ಉಸಿರಾಡಬಲ್ಲ ಎತ್ತರಕ್ಕೆ, ಎಂದರೆ ಸುಮಾರು 10,000 ಅಡಿಗೆ, ತ್ವರಿತವಾಗಿ ಇಳಿಯತಕ್ಕದ್ದು. ತಲೆಯ ಮೇಲಿನಿಂದ ಜೋತುಬೀಳುವ ಮುಖವಾಡಗಳಲ್ಲಿ ಆಮ್ಲಜನಕ ದೊರೆಯುವುದು ಕೆಲವೇ ನಿಮಿಷಗಳವರೆಗೆ. ನೆಲವೇ ಆ ಎತ್ತರಕ್ಕಿಂತ ಮೇಲಿರುವ ನಾಡಿನಲ್ಲಿ ಇಳಿಯುವುದೆಲ್ಲಿಗೆ? ಆದುದರಿಂದ ಟಿಬೆಟ್ಟಿನ ಒಡಲನ್ನು ವಿಮಾನಗಳು ಸಾಮಾನ್ಯವಾಗಿ ಬಳಸಿಯೇ ಹೋಗುತ್ತವೆ: ಒಂದೋ ಪಶ್ಚಿಮದಲ್ಲಿ ಮಧ್ಯ ಏಷ್ಯದ ಕಡೆಯಿಂದ, ಇಲ್ಲವೇ ಪೂರ್ವದಲ್ಲಿ ಬಂಗಾಳ ಕೊಲ್ಲಿಯನ್ನೂ ಚೀನದ ತಗ್ಗುನಾಡುಗಳನ್ನೂ ಜಪಾನನ್ನೂ ಹಾದು. ಎರಡು ದಾರಿಗಳೂ 14,000 ಕಿ.ಮೀ.ಗಿಂತ ಉದ್ದವಾದುವು, ಹಾರಿದ ದೂರ 15,000ವನ್ನೂ ಮೀರಿ 16,000 ಕಿ.ಮೀ. ಮುಟ್ಟುವುದುಂಟು.

ಇವೆರಡರಲ್ಲಿ ಯಾವುದನ್ನು ಹಿಡಿಯಬೇಕೆಂಬುದನ್ನು ಮುಖ್ಯವಾಗಿ ತೀರ್ಮಾನಿಸುವುದು ಗಾಳಿ. ಭೂಮಿಯಿಂದ ಹತ್ತು ಹನ್ನೆರಡು ಕಿ.ಮೀ. ಎತ್ತರದಲ್ಲಿ, ಮಧ್ಯ ಅಕ್ಷಾಂಶಗಳಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಪ್ರವಾಹವೆಂಬ ಗಾಳಿಯ ಮಹಾನದಿಯನ್ನು ಮೊಟ್ಟಮೊದಲು ವ್ಯವಸ್ಥಿತವಾಗಿ ಅಳೆದವನು ಜಪಾನಿನ ವಾಸಬುರೊ ಓಯಿಶಿ. ತಾತೆನೊ ವೀಕ್ಷಣಾಲಯದಿಂದ 1920ರ ದಶಕದಲ್ಲಿ ಬಲೂನುಗಳನ್ನು ಹಾರಿಬಿಟ್ಟು ತಾನು ಕಂಡುಕೊಂಡುದನ್ನು ಜಗತ್ತೆಲ್ಲ ಓದಲೆಂಬ ಸದಾಶಯದಿಂದ ಆತನು ಎಸ್ಪೆರಾಂಟೊ ಎಂಬ ಕೃತಕ ವಿಶ್ವಭಾಷೆಯಲ್ಲಿ ಪ್ರಕಟಿಸಿದನು. ಪರಿಣಾಮವಾಗಿ ಜಗತ್ತಿನಲ್ಲಿ ಹೆಚ್ಚುಕಡಿಮೆ ಯಾರೂ ಓದಲಿಲ್ಲ. 1944ರಲ್ಲಿ ಜಪಾನಿನ ಮೇಲೆ ಬಾಂಬು ಹಾಕಲು ಹೋದ ಅಮೆರಿಕದ ವೈಮಾನಿಕರು ತಮ್ಮ ವಿಮಾನಗಳು ಗಾಳಿಗೆದುರಾಗಿ ತೆವಳುವುದನ್ನು ಕಂಡಮೇಲೆಯೇ ಈ ಪ್ರವಾಹದ ಬಲ ಅವರಿಗೆ ಅನುಭವಕ್ಕೆ ಬಂದುದು. ಚಳಿಗಾಲದಲ್ಲಿ ಜಪಾನಿನ ಮೇಲೆ ಅದು ಗಂಟೆಗೆ 300 ಕಿ.ಮೀ.ಗೂ ಮೀರಿ ಬೀಸುವುದುಂಟು.

ಲೆಕ್ಕ ಸರಳವಾದುದು. ಗಂಟೆಗೆ 900 ಕಿ.ಮೀ. ವೇಗದ ವಿಮಾನ ನಿಶ್ಚಲ ವಾಯುವಿನಲ್ಲಿ 14,000 ಕಿ.ಮೀ.ಗಳನ್ನು 15½ ಗಂಟೆಗಳಲ್ಲಿ ಕ್ರಮಿಸಬಲ್ಲದು. ದಾರಿಯುದ್ದಕ್ಕೂ ಸರಾಸರಿ 60 ಕಿ.ಮೀ. ವೇಗದ ಗಾಳಿ ಬೆನ್ನಿಗಿದ್ದರೆ ಅದು 14½ ಗಂಟೆಗೆ ಇಳಿಯುತ್ತದೆ. ಅದೇ ಗಾಳಿ ಎದುರಾದರೆ 16 ಗಂಟೆ 40 ನಿಮಿಷಕ್ಕೆ ಏರುತ್ತದೆ. ಆದಕಾರಣ ಬೆಂಗಳೂರಿನಿಂದ ಹೋಗುವಾಗ ಪೂರ್ವಕ್ಕೆ ತಿರುಗಿ ಪೆಸಿಫಿಕ್ಕಿನ ಮೇಲಣ ಪ್ರವಾಹವನ್ನು ಬೆನ್ನಿಗೆ ಕಟ್ಟಿಕೊಳ್ಳುವುದೂ, ಹಿಂತಿರುಗುವಾಗ ಅದೇ ಪ್ರವಾಹದಿಂದ ತಪ್ಪಿಸಿಕೊಂಡು ಗಾಳಿ ಮಂದವಾಗಿರುವ ಧ್ರುವಪ್ರದೇಶವನ್ನು ಆಶ್ರಯಿಸುವುದೂ ವಿವೇಕದ ಕ್ರಮವಾಗಿದೆ. ಇದಕ್ಕೆ ಉತ್ತಮ ನಿದರ್ಶನ ದೊರೆಯುವುದು ದೆಹಲಿಯ ಮಾರ್ಗದಲ್ಲಿ. 2015ರ ಡಿಸೆಂಬರಿನಲ್ಲಿ ಪ್ರಾರಂಭವಾದ ಏರ್ ಇಂಡಿಯಾದ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ವಿಮಾನವು ಮೊದಲಿಗೆ ಅಟ್ಲಾಂಟಿಕ್ ಕಡೆಯಿಂದ ಸುಮಾರು 13,900 ಕಿ.ಮೀ. ಹಾರುತ್ತಿತ್ತು, 2016ರ ಅಕ್ಟೋಬರಿನಲ್ಲಿ ಅದನ್ನು ಪೆಸಿಫಿಕ್ ಕಡೆಗೆ ತಿರುಗಿಸಿದಾಗ ಹಾರಿದ ದೂರ ಸುಮಾರು 15,300 ಕಿ.ಮೀ.ಗೆ ಬೆಳೆಯಿತು, ಅವಧಿಯಾದರೋ 14½ ಗಂಟೆಗೆ ಇಳಿಯಿತು. ಉದ್ದವಾದ ದಾರಿಯೇ ಬೇಗನೆ ಮುಗಿಯುವ ದಾರಿಯಾದುದರ ಸೋಜಿಗವನ್ನು ವೈಮಾನಿಕರು ಸೋಜಿಗವೆಂದು ಎಣಿಸುವುದಿಲ್ಲ. ಅವರ ಪಾಲಿಗೆ ದೂರವೆಂಬುದು ನೆಲದ ಮೇಲೆ ಅಳೆಯುವ ವಸ್ತುವಲ್ಲ, ವಿಮಾನ ಭೇದಿಸಿಕೊಂಡು ಹೋಗಬೇಕಾದ ಗಾಳಿಯ ಮೊತ್ತ.

ಧ್ರುವದ ಹಾದಿಗೆ ಅದರದೇ ಆದ ಕಷ್ಟಗಳುಂಟು. ದಿಕ್ಸೂಚಿ ಅಲ್ಲಿ ನೆಚ್ಚತಕ್ಕುದಲ್ಲ. ಸಮಭಾಜಕದ ಮೇಲೆ ನೆಲೆನಿಂತ ಸಂಪರ್ಕ ಉಪಗ್ರಹಗಳು 80 ಡಿಗ್ರಿ ಅಕ್ಷಾಂಶವನ್ನು ದಾಟಿದ ಮೇಲೆ ಕ್ರಮೇಣ ದಿಗಂತದಲ್ಲಿ ಮರೆಯಾಗುತ್ತವೆ. ಸೂರ್ಯನಲ್ಲಿ ಕ್ಷೋಭೆಯುಂಟಾದಾಗ ರೇಡಿಯೊ ಸಂಪರ್ಕ ಕೆಡುತ್ತದೆ. ಎಲ್ಲಕ್ಕಿಂತ ಮಿಗಿಲಾದುದು ಚಳಿ. ಭಾರತದಲ್ಲಿ ಬಳಕೆಯಲ್ಲಿರುವ ಜೆಟ್ ಎ-1 ಇಂಧನ ಸೊನ್ನೆಗಿಂತ 47 ಡಿಗ್ರಿ ಕೆಳಗೆ, ಅಮೆರಿಕದಲ್ಲಿ ದೊರೆಯುವ ಜೆಟ್ ಎ ಇಂಧನ 40 ಡಿಗ್ರಿ ಕೆಳಗೆ ಹೆಪ್ಪುಗಟ್ಟತೊಡಗುತ್ತದೆ. ಹೊರಗಣ ಗಾಳಿಯಾದರೋ ಸೊನ್ನೆಗಿಂತ 60 ಡಿಗ್ರಿಗೂ ಕೆಳಗಿರಬಹುದು. ರೆಕ್ಕೆಗಳೊಳಗೆ ತುಂಬಿದ ಇಂಧನ ಗಂಟೆಗಟ್ಟಲೆ ತಣಿಯುತ್ತ ಆ ಮೇರೆಯನ್ನು ಸಮೀಪಿಸಿದಾಗ ಪೈಲಟನು ಬೆಚ್ಚಗಿನ ಪದರಕ್ಕೆ ಇಳಿಯುವುದೋ, ವೇಗ ಹೆಚ್ಚಿಸಿ ಘರ್ಷಣೆಯ ಕಾವನ್ನು ಪಡೆಯುವುದೋ ಅನಿವಾರ್ಯವಾಗುತ್ತದೆ. ದಾರಿಯಲ್ಲಿ ಇಳಿಯಬೇಕಾಗಿ ಬಂದರೆ ಒದಗುವ ನಿಲ್ದಾಣಗಳನ್ನು ಮುಂಚಿತವಾಗಿ ಗೊತ್ತುಪಡಿಸಿರಬೇಕು. ಹೊರಗಿಳಿದು ಕೆಲಸ ಮಾಡಬೇಕಾದ ಸಿಬ್ಬಂದಿಗೆ ಹಿಮದ ಉಡುಪುಗಳನ್ನು ವಿಮಾನದಲ್ಲಿಯೇ ಒಯ್ಯಬೇಕು. ಭಾರತೀಯ ಸಂಸ್ಥೆಯೊಂದರ ಪ್ರಯಾಣಿಕ ವಿಮಾನ ಈ ಏರ್ಪಾಡುಗಳೊಡನೆ ಧ್ರುವಪ್ರದೇಶವನ್ನು ದಾಟಿದುದು 2019ರ ಆಗಸ್ಟ್ 15ರಂದು, ದೆಹಲಿಯಿಂದ ಹೊರಟ ವಿಮಾನದಲ್ಲಿ.

ಬೆಂಗಳೂರಿನ ಸರದಿ ಬಂದುದು 2021ರಲ್ಲಿ. ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟ ಏರ್ ಇಂಡಿಯಾದ ಬೋಯಿಂಗ್ 777 ವಿಮಾನವು ಉತ್ತರಧ್ರುವದ ಮೇಲಿನಿಂದ ಹಾದು 11ರ ಬೆಳಗಿನ ಜಾವ ದೇವನಹಳ್ಳಿಯಲ್ಲಿ ಇಳಿಯಿತು. ಅದನ್ನು ನಡೆಸಿದವರು ನಾಲ್ವರು ಮಹಿಳೆಯರು: ಮುಖ್ಯಸ್ಥೆಯಾಗಿ ಕ್ಯಾಪ್ಟನ್ ಜೋಯಾ ಅಗರ್‌ವಾಲ್, ಅವರೊಡನೆ ತನ್ಮಯಿ ಪಾಪಗಾರಿ, ಆಕಾಂಕ್ಷಾ ಸೋನಾವರೆ, ಶಿವಾನಿ ಮನ್ಹಾಸ್. ನಾಲ್ವರು ಪೈಲಟರು ಬೇಕಾದುದು ಶೋಭೆಗಾಗಿಯಲ್ಲ. ಹದಿನೇಳು ಗಂಟೆಗಳ ಹಾರಾಟದಲ್ಲಿ ಇಬ್ಬರು ಎಚ್ಚರವಿದ್ದು ಇಬ್ಬರು ವಿಶ್ರಮಿಸಬೇಕೆಂಬುದು ಇಂಥ ದೀರ್ಘಮಾರ್ಗಗಳ ಪದ್ಧತಿ. ಎರಡು ನಗರಗಳು 2009ರಿಂದಲೇ ಸೋದರಿ ನಗರಗಳೆಂದು ಘೋಷಿತವಾಗಿದ್ದುವು. ಆದರೆ ಈ ಮಾರ್ಗಕ್ಕೆ ನಿಜವಾದ ಆಧಾರ ಅಂಥ ಘೋಷಣೆಗಳಲ್ಲ. ಸ್ಯಾನ್ ಫ್ರಾನ್ಸಿಸ್ಕೊದ ದಕ್ಷಿಣಕ್ಕೆ ಚಾಚಿದ ಸಿಲಿಕಾನ್ ಕಣಿವೆಗೂ ಬೆಂಗಳೂರಿನ ಸಾಫ್ಟ್‌ವೇರ್ ಉದ್ಯಮಕ್ಕೂ ಇರುವ ವ್ಯವಹಾರವೂ, ಅಲ್ಲಿ ಮನೆಮಾಡಿಕೊಂಡು ಕನ್ನಡ ಕೂಟ ಕಟ್ಟಿಕೊಂಡ ಸಂಸಾರಗಳೂ, ಮೊಮ್ಮಕ್ಕಳನ್ನು ನೋಡಲು ಆರಾರು ತಿಂಗಳಿಗೆ ಹೊರಡುವ ಇಲ್ಲಿಯ ಅಜ್ಜ ಅಜ್ಜಿಯರೂ ಈ ವಿಮಾನದ ಆಸನಗಳನ್ನು ತುಂಬಿದವರು.

ಆಕಾಶಕ್ಕೆ ಬೇಲಿಯಿಲ್ಲವೆಂಬುದು ಕವಿಗಳ ಮಾತು. ಸೋವಿಯತ್ ಒಕ್ಕೂಟವಿದ್ದ ಕಾಲದಲ್ಲಿ ಸೈಬೀರಿಯದ ಮೇಲಣ ಆಕಾಶ ಪರದೇಶದವರಿಗೆ ಬಹುಮಟ್ಟಿಗೆ ಮುಚ್ಚಿತ್ತು; ಕೊರಿಯದ ಪ್ರಯಾಣಿಕ ವಿಮಾನವೊಂದು ದಾರಿತಪ್ಪಿ ಅತ್ತ ಸರಿದು 1983ರ ಸೆಪ್ಟೆಂಬರ್ 1ರಂದು ಕ್ಷಿಪಣಿಗೆ ಆಹುತಿಯಾಯಿತು. ಧ್ರುವಮಾರ್ಗಗಳು ಪರೀಕ್ಷಾರ್ಥವಾಗಿ ತೆರೆದುದು 1998ರ ಹೊತ್ತಿಗೆ. 2022ರಲ್ಲಿ ಉಕ್ರೇನಿನ ಯುದ್ಧ ಪ್ರಾರಂಭವಾದ ಬಳಿಕ ಅಮೆರಿಕದ ವಿಮಾನಸಂಸ್ಥೆಗಳಿಗೆ ರಷ್ಯದ ಆಕಾಶ ಪುನಃ ನಿಷಿದ್ಧವಾಯಿತು, ಭಾರತದವರಿಗೆ ಆಗಲಿಲ್ಲ. ಬೆಂಗಳೂರಿಗೆ ನೇರವಾಗಿ ಹಾರುವುದಾಗಿ 2020ರಲ್ಲಿ ಘೋಷಿಸಿದ್ದ ಯುನೈಟೆಡ್ ಏರ್‌ಲೈನ್ಸಿನ ಯೋಜನೆ ಕಾಗದದ ಮೇಲೆಯೇ ಉಳಿಯಿತು. ಅನುಮತಿಯಿದ್ದವರಿಗೂ ಸುಖವೇ ಇತ್ತೆಂದು ಹೇಳುವಂತಿಲ್ಲ: 2023ರ ಜೂನಿನಲ್ಲಿ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟ ವಿಮಾನವೊಂದು ಯಂತ್ರದೋಷದಿಂದ ರಷ್ಯದ ದೂರಪೂರ್ವದ ಮಗದಾನ್ ಎಂಬ ಸಣ್ಣ ಊರಿನಲ್ಲಿ ಇಳಿದಾಗ, ಇನ್ನೂರಕ್ಕೂ ಹೆಚ್ಚು ಪ್ರಯಾಣಿಕರು ಬದಲಿ ವಿಮಾನ ಬರುವವರೆಗೆ ಶಾಲೆಯೇ ಮೊದಲಾದ ತಾತ್ಕಾಲಿಕ ಆಶ್ರಯಗಳಲ್ಲಿ ತಂಗಬೇಕಾಯಿತು. ಇತ್ತ 2019ರಲ್ಲಿ ಕೆಲವು ತಿಂಗಳು, 2025ರ ಏಪ್ರಿಲಿನಿಂದ ಮತ್ತೊಮ್ಮೆ, ಪಾಕಿಸ್ತಾನ ತನ್ನ ಆಕಾಶವನ್ನು ಭಾರತೀಯ ವಿಮಾನಗಳಿಗೆ ಮುಚ್ಚಿದಾಗ ಪಶ್ಚಿಮದ ಬಾಗಿಲು ಕಿರಿದಾಯಿತು. ದೆಹಲಿಯಿಂದ ಉತ್ತರ ಅಮೆರಿಕಕ್ಕೆ ಹೊರಟ ಕೆಲವು ವಿಮಾನಗಳು ಇಂಧನಕ್ಕಾಗಿ ವಿಯೆನ್ನಾದಲ್ಲಿಯೂ ಕೋಪನ್‌ಹೇಗನ್ನಿನಲ್ಲಿಯೂ ಇಳಿಯಬೇಕಾಯಿತು. ನಕ್ಷೆಯ ಮೇಲಣ ಅಂತರ ಒಂದಿಷ್ಟೂ ಬದಲಾಗದೆ ಪ್ರಯಾಣದ ಅವಧಿ ಗಂಟೆಗಟ್ಟಲೆ ಹಿಗ್ಗಿತು.

ಇನ್ನು ಭಾರದ ಪ್ರಶ್ನೆ. ಈ ಮಾರ್ಗಕ್ಕೆ ಮೊದಲು ನಿಯೋಜಿತವಾದ ಬೋಯಿಂಗ್ 777-200 ಎಲ್.ಆರ್. ವಿಮಾನವು ದೂರಕ್ಕೆಂದೇ ನಿರ್ಮಿತವಾದುದು. ಇದೇ ಜಾತಿಯ ವಿಮಾನ 2005ರ ನವೆಂಬರಿನಲ್ಲಿ ಹಾಂಗ್‌ಕಾಂಗಿನಿಂದ ಪೂರ್ವಾಭಿಮುಖವಾಗಿ ಲಂಡನ್ನಿಗೆ 21,602 ಕಿ.ಮೀ.ಗಳನ್ನು 22 ಗಂಟೆ 42 ನಿಮಿಷಗಳಲ್ಲಿ ಹಾರಿ ದಾಖಲೆ ಸ್ಥಾಪಿಸಿತ್ತು. ಅದರ ತೊಟ್ಟಿಗಳು ಸುಮಾರು 1,81,000 ಲೀಟರು ಇಂಧನ ಹಿಡಿಯುತ್ತವೆ. ತೂಕದಲ್ಲಿ ಅದು ಸುಮಾರು 145 ಟನ್, ಎಂದರೆ ಪ್ರಯಾಣಿಕರೂ ಸರಕೂ ಇಲ್ಲದ ಬರಿಯ ವಿಮಾನದ ತೂಕಕ್ಕೆ ಹೆಚ್ಚುಕಡಿಮೆ ಸಮ. ಹೊರಡುವಾಗ ಎಲ್ಲ ಕೂಡಿ ಅದರ ಪರಮಾವಧಿ ತೂಕ 347 ಟನ್. ಗಂಟೆಗೆ ಏಳೆಂಟು ಟನ್ನಿನಂತೆ ಉರಿಯುವ ಈ ಇಂಧನದಲ್ಲಿ ಗಣನೀಯವಾದ ಪಾಲು ಮುಂದಿನ ಗಂಟೆಗಳಿಗೆ ಬೇಕಾದ ಇಂಧನವನ್ನು ಹೊರುವುದಕ್ಕಾಗಿಯೇ ವ್ಯಯವಾಗುತ್ತದೆ. ದೂರದ ಜಾತ್ರೆಗೆ ಹೊರಟ ಗಾಡಿಯಲ್ಲಿ ಎತ್ತುಗಳ ಮೇವನ್ನೇ ಅರ್ಧ ತುಂಬಿ, ಆ ಮೇವಿನ ಭಾರವನ್ನೆಳೆಯಲು ಎತ್ತುಗಳಿಗೆ ಮತ್ತಷ್ಟು ಮೇವು ಹಾಕಿದಂತೆ. ಇದರ ಮೇಲೆ, ಎದುರುಗಾಳಿ ಎಣಿಸಿದುದಕ್ಕಿಂತ ಹೆಚ್ಚಾದರೆ ಬೇಕಾದುದು, ಗುರಿಯ ನಿಲ್ದಾಣದಲ್ಲಿ ಮಂಜು ಕವಿದರೆ ಬೇರೊಂದಕ್ಕೆ ಹೋಗಲು ಬೇಕಾದುದು, ಕೊನೆಗೆ ಅರ್ಧ ಗಂಟೆ ಸುತ್ತುಹಾಕಲು ಬೇಕಾದುದು, ಇವೆಲ್ಲ ಮೀಸಲು. ಸ್ಯಾನ್ ಫ್ರಾನ್ಸಿಸ್ಕೊದ ಬೇಸಗೆಯ ಮಂಜನ್ನು ಬಲ್ಲವರು ಈ ಮೀಸಲನ್ನು ದುಂದೆಂದು ಹೇಳಲಾರರು.

ಇಲ್ಲಿಯೇ ದೇವನಹಳ್ಳಿಯ ಎತ್ತರ ಲೆಕ್ಕಕ್ಕೆ ಬರುವುದು. ಸಮುದ್ರಮಟ್ಟಕ್ಕಿಂತ 915 ಮೀಟರು ಮೇಲೆ ವಾಯುವಿನ ಸಾಂದ್ರತೆ ನೂರಕ್ಕೆ ಎಂಟು ಒಂಬತ್ತರಷ್ಟು ಕಡಿಮೆ. ಏಪ್ರಿಲಿನ ಮಧ್ಯಾಹ್ನದ ಬಿಸಿಲಿನಲ್ಲಿ ಮತ್ತಷ್ಟು ಕಡಿಮೆ. ತೆಳುವಾದ ಗಾಳಿಯಲ್ಲಿ ರೆಕ್ಕೆಗೆ ಎತ್ತುವ ಬಲವೂ ಎಂಜಿನಿಗೆ ನೂಕುವ ಬಲವೂ ಕುಗ್ಗುವುದರಿಂದ, ನಾಲ್ಕು ಸಾವಿರ ಮೀಟರಿನ ರನ್‌ವೇ ಇದ್ದರೂ ಪೂರ್ಣಭಾರದೊಡನೆ ಏಳುವುದು ಕಷ್ಟ. ಬೆಂಗಳೂರಿನ ತಂಪಾದ ಹವೆಯನ್ನು ಹೊಗಳಿದವರೆಲ್ಲ ಹೊಗಳಿದುದು ಈ ಎತ್ತರವನ್ನೇ. ವಿಮಾನದ ಎಂಜಿನಿಯರನಿಗೆ ಅದೇ ಎತ್ತರ ಖಾಲಿ ಬಿಡಬೇಕಾದ ಆಸನಗಳ ಅಥವಾ ಬಿಟ್ಟುಹೋಗಬೇಕಾದ ಸರಕಿನ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ.

ಹಾರಾಟದ ಅವಧಿಯೆಂದು ವೇಳಾಪಟ್ಟಿಯಲ್ಲಿ ಅಚ್ಚಾಗುವುದು ಚಕ್ರ ನೆಲಬಿಟ್ಟು ಮತ್ತೆ ನೆಲಮುಟ್ಟುವ ತನಕದ ಕಾಲವಲ್ಲ. ನಿಲುಗಡೆಯಿಂದ ಕದಲಿದುದರಿಂದ ಹಿಡಿದು ಮತ್ತೊಂದು ನಿಲುಗಡೆಯನ್ನು ಸೇರುವವರೆಗಿನದು. ಪ್ರಯಾಣಿಕನ ಎಣಿಕೆಯಲ್ಲಿ ಅದಕ್ಕೆ ಮುಂಚಿನ ಮೂರು ಗಂಟೆಗಳೂ ಸೇರುತ್ತವೆ, ಜಯನಗರದಿಂದಲೋ ಬನಶಂಕರಿಯಿಂದಲೋ ದೇವನಹಳ್ಳಿಗೆ ಬರುವ ರಸ್ತೆಯ ಅವಧಿಯೂ ಸೇರುತ್ತದೆ. ಈ ಕೊನೆಯದರ ಏರಿಳಿತ ಕೆಲವೊಮ್ಮೆ ಜೆಟ್ ಪ್ರವಾಹದ ಏರಿಳಿತಕ್ಕೆ ಸರಿದೂಗಬಲ್ಲದು.

ಗಡಿಯಾರದ ವ್ಯತ್ಯಾಸವಾದರೋ ಇನ್ನೂ ವಿನೋದಕರ. ಭಾರತದ ಪ್ರಮಾಣಕಾಲ ಗ್ರೀನಿಚ್ಚಿಗಿಂತ ಐದೂವರೆ ಗಂಟೆ ಮುಂದು, ಕ್ಯಾಲಿಫೋರ್ನಿಯದ ಕಾಲ ಚಳಿಗಾಲದಲ್ಲಿ ಎಂಟು ಗಂಟೆ ಹಿಂದು; ಒಟ್ಟು ಅಂತರ ಹದಿಮೂರೂವರೆ ಗಂಟೆ. ಬೇಸಗೆಯಲ್ಲಿ ಅಲ್ಲಿಯವರು ಗಡಿಯಾರವನ್ನು ಒಂದು ಗಂಟೆ ಮುಂದಿಡುವುದರಿಂದ ಅದು ಹನ್ನೆರಡೂವರೆಯಾಗುತ್ತದೆ. ಚಳಿಗಾಲದಲ್ಲಿ ಬೆಂಗಳೂರಿನಿಂದ ಸೋಮವಾರ ಮಧ್ಯಾಹ್ನ ಎರಡೂವರೆಗೆ ಹೊರಟ ವಿಮಾನ ಹದಿನಾರು ಗಂಟೆ ಹಾರಿ ಸ್ಯಾನ್ ಫ್ರಾನ್ಸಿಸ್ಕೊವನ್ನು ಸೇರುವುದು ಅದೇ ಸೋಮವಾರ ಸಂಜೆ ಐದಕ್ಕೆ. ಪ್ರಯಾಣಿಕನು ಬಂಗಾಳ ಕೊಲ್ಲಿಯ ಆಚೆ ಸೂರ್ಯಾಸ್ತವನ್ನೂ, ಪೆಸಿಫಿಕ್ಕಿನ ಮೇಲೆ ಸೂರ್ಯೋದಯವನ್ನೂ, ಕ್ಯಾಲಿಫೋರ್ನಿಯದಲ್ಲಿ ಅದೇ ತಾರೀಖಿನ ಎರಡನೆಯ ಸೂರ್ಯಾಸ್ತವನ್ನೂ ನೋಡುತ್ತಾನೆ. ಹಿಂತಿರುಗುವಾಗ ಶನಿವಾರ ರಾತ್ರಿ ಎಂಟೂವರೆಗೆ ಹೊರಟವನು ಸೋಮವಾರ ಬೆಳಗಿನ ಜಾವ ಮೂರು ಮೂರೂವರೆಗೆ ಇಳಿಯುತ್ತಾನೆ; ನಡುವೆ ಭಾನುವಾರವೆಂಬುದೊಂದು ಆಕಾಶದಲ್ಲಿಯೇ ಕಳೆದುಹೋಗಿರುತ್ತದೆ, ಜನವರಿಯ ಧ್ರುವರಾತ್ರಿಯ ಮೂಲಕ ಬಂದಿದ್ದರೆ ಹದಿನೇಳು ಗಂಟೆಗಳಲ್ಲಿ ಒಮ್ಮೆಯೂ ಸೂರ್ಯದರ್ಶನವಾಗದಿರುವ ಸಂಭವವೂ ಉಂಟು. ಸೂರ್ಯೋದಯದಿಂದ ದಿನವನ್ನೆಣಿಸುವ ಪಂಚಾಂಗದ ಕರ್ತೃಗಳು ಇಂಥ ಪ್ರಯಾಣಿಕನ ಏಕಾದಶಿಯನ್ನು ಯಾವ ಊರಿನ ಉದಯಕ್ಕೆ ಕಟ್ಟಬೇಕೆಂಬುದನ್ನು ವಿಚಾರಿಸಿರಲಾರರು. ದೇಹಕ್ಕಂತೂ ಹಗಲಿರುಳುಗಳು ಅದಲುಬದಲಾದಂತೆಯೇ ಆಗುವುದರಿಂದ ನಿದ್ರೆಯೂ ಹಸಿವೂ ಹೊಸ ಊರಿನ ಗಡಿಯಾರಕ್ಕೆ ಒಗ್ಗಲು ಸಾಮಾನ್ಯವಾಗಿ ವಾರಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ.

ಹಾರಾಟದ ಅವಧಿಯ ಅಲ್ಪತ್ವವನ್ನು ಅರಿಯಲು ಹಿಂದಿನದನ್ನು ಸ್ವಲ್ಪ ನೆನೆಯಬಹುದು. ಮೈಸೂರಿನ ಮಹಾರಾಜ ಚಾಮರಾಜೇಂದ್ರ ಒಡೆಯರ ಆದರಕ್ಕೆ ಪಾತ್ರರಾಗಿದ್ದ ಸ್ವಾಮಿ ವಿವೇಕಾನಂದರು 1893ರ ಮೇ 31ರಂದು ಮುಂಬಯಿಯಲ್ಲಿ ಹಡಗು ಹತ್ತಿ, ಕೊಲಂಬೊ, ಸಿಂಗಪುರ, ಹಾಂಗ್‌ಕಾಂಗ್, ಜಪಾನುಗಳನ್ನು ಹಾದು ವ್ಯಾಂಕೂವರನ್ನು ಮುಟ್ಟಿದುದು ಜುಲೈ 25ರಂದು. 1935ರ ನವೆಂಬರ್ 22ರಂದು ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯಿಂದ ಅಂಚೆಯನ್ನು ಹೊತ್ತು ಹೊರಟ ಚೈನಾ ಕ್ಲಿಪ್ಪರ್ ಎಂಬ ಜಲವಿಮಾನ, ಹೊನೊಲುಲು, ಮಿಡ್‌ವೇ, ವೇಕ್, ಗುವಾಮ್ ದ್ವೀಪಗಳಲ್ಲಿ ತಂಗುತ್ತ ಸುಮಾರು 60 ಗಂಟೆ ಹಾರಿ ನವೆಂಬರ್ 29ರಂದು ಮನಿಲಾವನ್ನು ಸೇರಿತು. ಏರ್ ಇಂಡಿಯಾ ತನ್ನ ಬೋಯಿಂಗ್ 707 ವಿಮಾನಗಳನ್ನು ನ್ಯೂಯಾರ್ಕಿಗೆ ಹಾರಿಸತೊಡಗಿದುದು 1960ರಲ್ಲಿ, ಅದೂ ಲಂಡನ್ನಿನಲ್ಲಿ ಇಳಿದು. ಈಗ ನಿಗದಿತ ವೇಳೆಯ ಪ್ರಯಾಣಿಕ ವಿಮಾನಗಳಲ್ಲಿ ಅತಿದೀರ್ಘವಾದುದು ಸಿಂಗಪುರಕ್ಕೂ ನ್ಯೂಯಾರ್ಕಿಗೂ ನಡುವಣದು. ಅದರ ನೇರ ಅಂತರ ಸುಮಾರು 15,350 ಕಿ.ಮೀ.

ನೇರ ವಿಮಾನ ದೊರೆಯದವರಿಗೆ, ಅಥವಾ ಅಷ್ಟು ಹೊತ್ತು ಒಂದೇ ಆಸನದಲ್ಲಿ ಕುಳಿತಿರಲಾರದವರಿಗೆ, ನಡುವೆ ಒಮ್ಮೆ ಇಳಿದುಹೋಗುವ ಹಲವು ದಾರಿಗಳಿವೆ. ಹಾಂಗ್‌ಕಾಂಗಿನ ಮೂಲಕ ಎರಡು ಹಾರಾಟಗಳ ನೇರ ಅಂತರ ಕೂಡಿ ಸುಮಾರು 15,100 ಕಿ.ಮೀ., ದುಬೈ ಮೂಲಕ ಸುಮಾರು 15,700, ಫ್ರಾಂಕ್‌ಫರ್ಟಿನ ಮೂಲಕ ಸುಮಾರು 16,550, ಸಿಂಗಪುರದ ಮೂಲಕ ಸುಮಾರು 16,800. ಮಹಾವೃತ್ತಕ್ಕೆ ಹೋಲಿಸಿದರೆ ಹಾಂಗ್‌ಕಾಂಗಿನ ಬಳಸು ಸಾವಿರ ಕಿಲೋಮೀಟರಿಗಿಂತ ತುಸುವೇ ಹೆಚ್ಚು. ಟಿಬೆಟ್ಟನ್ನು ಬಳಸಿ ಹೋಗುವ ನೇರ ವಿಮಾನವೇ ಹಾರುವ ದೂರದೊಡನೆ ಹೋಲಿಸಿದರೆ ಆ ವ್ಯತ್ಯಾಸ ಹೆಚ್ಚುಕಡಿಮೆ ಅಳಿಸಿಯೇ ಹೋಗುತ್ತದೆ. ದುಬೈಯಿಂದಲೂ ಸಿಂಗಪುರದಿಂದಲೂ ಸ್ಯಾನ್ ಫ್ರಾನ್ಸಿಸ್ಕೊಗೆ ಇರುವ ಎರಡನೆಯ ಹಾರಾಟವೇ 13,000 ಕಿ.ಮೀ. ಮೀರಿದುದಾದಕಾರಣ ಅಲ್ಲಿ ಇಳಿದುಹೋಗುವವರಿಗೆ ದೀರ್ಘಾಸನದ ಶ್ರಮ ತಪ್ಪುವುದಿಲ್ಲ. ಒಮ್ಮೆ ಕಾಲುನೀಡಿ ನಡೆದಾಡುವ ಅವಕಾಶವೊಂದು ದೊರೆಯುತ್ತದೆ. ಫ್ರಾಂಕ್‌ಫರ್ಟಿನವರೆಗೆ ಸುಮಾರು 7,400, ಅಲ್ಲಿಂದ ಮುಂದೆ ಸುಮಾರು 9,150 ಕಿ.ಮೀ.; ದಾರಿಯನ್ನು ಬಹುಮಟ್ಟಿಗೆ ಸಮನಾಗಿ ಒಡೆಯುವುದು ಯೂರೋಪಿನ ಈ ಹಾದಿಯೇ. ನಡುವಣ ಕಾಯುವಿಕೆಯನ್ನು ಸೇರಿಸಿ ಇಂಥ ಪ್ರಯಾಣಗಳು ಸಾಮಾನ್ಯವಾಗಿ ಇಪ್ಪತ್ತೊಂದು ಇಪ್ಪತ್ತೆರಡು ಗಂಟೆಗಳಿಗಿಂತ ಕಡಿಮೆಯಲ್ಲಿ ಮುಗಿಯುವುದಿಲ್ಲ; ಬೆಲೆಯ ಅಗ್ಗವನ್ನು ನೋಡಿಕೊಂಡು ಟಿಕೆಟು ಕೊಳ್ಳುವವರು ಮೂವತ್ತು ಗಂಟೆಗಳದನ್ನೂ ಒಪ್ಪಿಕೊಳ್ಳುವುದುಂಟು.